ಲೆಕ್ಕಕ್ಕೆ ಸೇರದ ಲಕೋಟೆ

ನಾಲಗೆಯ ಮೇಲೆ ಆ ಅಂಟಿನ ರುಚಿ ಮತ್ತೆ ಬಂದು ಕೂತಿತ್ತು. ಗಾರ್ಗಿ ಎರಡು ಸಲ ಬಾಯಿ ಮುಕ್ಕಳಿಸಿದಳು, ಲವಂಗ ಅಗಿದಳು, ಕಾಫಿ ಕುಡಿದಳು, ಹೋಗಲಿಲ್ಲ. ಜೂನ್ ತಿಂಗಳಲ್ಲಿ ನೆಕ್ಕಿ ಮುಚ್ಚಿದ ಲಕೋಟೆಯ ಅಂಟು ಸೆಪ್ಟೆಂಬರ್ ಕೊನೆಯ ಶನಿವಾರ ಬೆಳಿಗ್ಗೆ ಬಾಯಿಗೆ ಬರುತ್ತದೆ ಎಂದರೆ ಯಾರು ನಂಬುತ್ತಾರೆ? ಅಮೆರಿಕದ ಕ್ಯಾಂಪ್‌ಬೆಲ್ಲಿನ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಬಿಸಿಲು ಆಗಲೇ ಕಟ್ಟೆ ಹತ್ತಿ ಕೂತಿತ್ತು. ಮಗಳು ಶರಣ್ಯಾಳ ಸಿರಿಯಲ್ ಬಟ್ಟಲಿನ ಪಕ್ಕದಲ್ಲಿ, ಚೆಲ್ಲಿದ ಹಾಲಿನ ಹನಿಯೊಂದನ್ನು ಮೂಲೆಯಿಂದ ಮೆಲ್ಲಗೆ ಹೀರಿಕೊಳ್ಳುತ್ತ, ಆ ಕಾಗದ ಬಿದ್ದಿತ್ತು. ಇಂಗ್ಲೆಂಡಿನ ಥಾರ್ನ್‌ಬ್ರಿಜ್ ಎಂಬ ಊರಿನ ಚುನಾವಣಾ ಕಚೇರಿಯಿಂದ ಬಂದದ್ದು. ಬಹಳ ಮರ್ಯಾದೆಯ ಭಾಷೆ. ಜುಲೈ ಚುನಾವಣೆಯಲ್ಲಿ ತಾವು ಅಂಚೆಯ ಮೂಲಕ ಕಳಿಸಿದ ಮತವನ್ನು ಎಣಿಕೆಗೆ ಸೇರಿಸಲಾಗಿಲ್ಲ. ತಾವು ಬರೆದ ಜನ್ಮದಿನಾಂಕ ನಮ್ಮ ದಾಖಲೆಗೆ ಹೊಂದುವುದಿಲ್ಲ. ಅವಳು ಹುಟ್ಟಿದ್ದು ಸೆಪ್ಟೆಂಬರ್ ನಾಲ್ಕಕ್ಕೆ. ಏಳು ವರ್ಷ ಈ ದೇಶದಲ್ಲಿ ಡಾಕ್ಟರ ಫಾರಮ್ಮು, ಡೇಕೇರಿನ ಫಾರಮ್ಮು, ಲ್ಯಾಬಿನ ಸೀಸೆಗಳ ಮೇಲಿನ ಚೀಟಿ, ಎಲ್ಲದರಲ್ಲೂ ತಿಂಗಳು ಮೊದಲು, ದಿನ ಆಮೇಲೆ ಎಂದು ಬರೆದು ಬರೆದು ಕೈ ಹಾಗೇ ತಿರುಗಿಬಿಟ್ಟಿತ್ತು. ಆ ಫಾರಮ್ಮಿನ ಚೌಕಗಳ ಕೆಳಗೆ ದಿನ, ತಿಂಗಳು ಎಂದು ಅಚ್ಚಾಗಿಯೇ ಇತ್ತು. ಕಣ್ಣು ಓದಿತು, ಕೈ ಕೇಳಲಿಲ್ಲ. ಒಂಬತ್ತು, ನಾಲ್ಕು. ಇಂಗ್ಲೆಂಡಿನ ಕಣ್ಣಿಗೆ ಅವಳು ಏಪ್ರಿಲ್ ಒಂಬತ್ತಕ್ಕೆ ಹುಟ್ಟಿದ ಇನ್ಯಾರೋ.

"ಯಾಕ ಹಂಗ ಮಾರಿ ಮಾಡ್ಕೊಂಡ ಕುಂತಿ?" ಗಂಡ ಗುರುಕಿರಣ ಒಲೆಯ ಮುಂದೆ ಮಂಡಕ್ಕಿಯ ಸೂಸಲಕ್ಕೆ ಒಗ್ಗರಣೆ ಹಾಕುತ್ತಿದ್ದ. ಹುಬ್ಬಳ್ಳಿಯವನು, ಶನಿವಾರದ ನಾಷ್ಟಾ ತನ್ನದೇ ಎಂದು ಹಟ. ಕಾಗದವನ್ನು ಮೊದಲೇ ಓದಿದ್ದ. "ಇಲ್ಲಿ ನಮಗ ವೋಟಿಲ್ಲ, ಅಲ್ಲಿ ನಿನ್ನ ವೋಟು ತಗೊಳ್ಳಲಿಲ್ಲ. ಆರಾಮ ಆತಲ್ಲ. ಹಾಕಿದ್ದರ ಯಾರಿಗೆ ಹಾಕಿದ್ದಿ? ಆ ಎರಡ ನಾಲಗಿ ಮನಿಷ್ಯಾಗ. ದೇವರಽ ತಡದಾನ ನೋಡು."

"ಸುಮ್ನಿರಿ."

"ಸುಮ್ನಽ ಇದ್ದೇನಿ. ಜೂನ್‌ದಾಗ ಸುಮ್ನಿರದಽ ಇದ್ದಾಕಿ ನೀನು."

ಅದು ನಿಜವಾಗಿದ್ದರಿಂದಲೇ ಅವಳಿಗೆ ಮೈ ಉರಿಯಿತು. ಜೂನ್ ತಿಂಗಳಲ್ಲಿ ಅವಳು ಸುಮ್ಮನಿರಲಿಲ್ಲ. ಥಾರ್ನ್‌ಬ್ರಿಜ್‌ನಲ್ಲಿ ಎಂಟು ವರ್ಷ ಇದ್ದು, ಓದಿ, ಕೆಲಸ ಮಾಡಿ, ಅಲ್ಲಿಯ ಪ್ರಜೆಯಾಗಿ, ಆಮೇಲೆ ಸಾಗರ ದಾಟಿ ಇಲ್ಲಿಗೆ ಬಂದವಳು, ಆ ಊರಿನ ಕನ್ನಡದವರ ವಾಟ್ಸಾಪ್ ಗುಂಪಿನಿಂದ ಮಾತ್ರ ಹೊರಗೆ ಬಂದಿರಲಿಲ್ಲ. ಅಲ್ಲಿಯ ಸಂಸತ್ ಸದಸ್ಯ, ಆಳುವ ಪಕ್ಷದವನು, ಹೊರಗಿನಿಂದ ಬಂದವರಿಗೆ ಬಾಗಿಲು ಮುಚ್ಚಬೇಕೆಂದು ಹಲ್ಲು ಕಿರಿಯುತ್ತ ಹೇಳಿದ ವಿಡಿಯೊವನ್ನು ಅವಳು ಲ್ಯಾಬಿನ ಊಟದ ಕೋಣೆಯಲ್ಲಿ ಐದು ಸಲ ನೋಡಿದ್ದಳು, ಹುಣ್ಣನ್ನು ನಾಲಗೆಯಿಂದ ಮುಟ್ಟಿ ಮುಟ್ಟಿ ನೋಡುವ ಹಾಗೆ. ಅವನು ಹೋಗಬೇಕು. ಯಾರು ಬಂದರೂ ಸರಿ, ಅವನು ಹೋಗಬೇಕು. ಹೀಗೆ ಯೋಚಿಸುವವರಿಗೆಂದೇ ಒಂದು ವೆಬ್‌ಸೈಟಿತ್ತು. ನಿಮ್ಮ ಊರಿನ ಹೆಸರು ಹಾಕಿದರೆ, ನಿಮಗೆ ಇಷ್ಟವಾದವರನ್ನು ಬಿಟ್ಟು, ಅವನನ್ನು ಸೋಲಿಸಬಲ್ಲವರು ಯಾರೋ ಅವರಿಗೆ ಹಾಕಿ ಎಂದು ಹೇಳಿಕೊಡುತ್ತಿತ್ತು. ಥಾರ್ನ್‌ಬ್ರಿಜ್‌ಗೆ ಅದು ಹೇಳಿದ ಹೆಸರು ವಿರೋಧ ಪಕ್ಷದವನದು, ಗುರುಕಿರಣ ಹೇಳುವ ಎರಡು ನಾಲಗೆಯವನದು. ಊರಿನ ಒಂದು ತುದಿಯ ಮನೆಗಳಿಗೆ ಅವನು ಕುಂಕುಮ ಇಟ್ಟುಕೊಂಡು ದೇವಸ್ಥಾನದ ಮುಂದೆ ನಿಂತ ಚಿತ್ರದ ಕರಪತ್ರ. ಇನ್ನೊಂದು ತುದಿಗೆ ನಮ್ಮ ಬೀದಿಗಳು ನಮಗೆ ಬೇಕು ಎಂಬ ಕರಪತ್ರ. ಎರಡನ್ನೂ ಯಾರೋ ಒಟ್ಟಿಗೆ ಫೋಟೊ ತೆಗೆದು ಗುಂಪಿಗೆ ಹಾಕಿದ್ದರು. ಅವಳು ಅದರ ಕೆಳಗೇ ಬರೆದಳು: ಹೇಸಿಗೆಯಾದರೂ ಮೂಗು ಮುಚ್ಚಿಕೊಂಡು ಇವನಿಗೇ ಹಾಕಿ. ಆಮೇಲೆ ಯಾರು ಮುಂದೆ, ಯಾರು ಹಿಂದೆ ಎಂದು ಬಣ್ಣ ಬಣ್ಣದ ಪಟ್ಟಿಗಳಲ್ಲಿ ತೋರಿಸುವ ಒಂದು ನಕ್ಷೆ. ಆಮೇಲೆ ಒಬ್ಬೊಬ್ಬರಿಗೂ ಫೋನು. ಹಾಗೆ ತಿರುಗಿಸಿದ್ದು ನಲವತ್ತು ಮತಗಳು. ಮೌರೀನ್ ನಿಂತಿದ್ದಾಳಲ್ಲ, ಅವಳಿಗಲ್ಲವೇ ಹಾಕಬೇಕು ಎಂದು ಆ ಗುಂಪಿನ ಗೆಳತಿ ನಿವೇದಿತಾ ಕೇಳಿದಾಗ ಅವಳು ಕೊಟ್ಟ ಉತ್ತರ ಅವಳಿಗೆ ಈಗಲೂ ಅಕ್ಷರ ಅಕ್ಷರ ನೆನಪಿದೆ: "ಮೌರೀನ್ ಒಳ್ಳೇವ್ಳು ಕಣೇ, ಆದ್ರೆ ಒಳ್ಳೇವ್ರಿಗೆ ಹಾಕಿದ ವೋಟು ವೇಸ್ಟು."

ಮೌರೀನ್. ಮೊದಲನೆಯ ಚಳಿಗಾಲ, ಬಾಡಿಗೆಯ ಆ ಒಂದು ಕೋಣೆ, ಹಾಸಿಗೆಯ ತಲೆದೆಸೆಯ ಗೋಡೆಯ ಮೇಲೆ ಕಪ್ಪು ಬೂಸು. ದಿನಕ್ಕೊಂದು ಬೆರಳಿನಷ್ಟು ಮೇಲೆ ಹತ್ತುತ್ತಿತ್ತು. ಅವಳು ಕೆಮ್ಮುತ್ತ ಮಲಗಿ, ಅದರಲ್ಲಿ ಅಜ್ಜಿ ವೇದವತಿಯ ಕಥೆಗಳ ಕಾಡು, ಕಾಡಿನ ನಡುವೆ ಏಳು ಉಪ್ಪರಿಗೆಯ ಮನೆ ಎಲ್ಲ ಕಾಣುತ್ತಿದ್ದಳು. ಮನೆಯ ಮಾಲೀಕನಿಗೆ ಫೋನು ಮಾಡಲು ಹೆದರಿಕೆ. ಅರವತ್ತು ದಾಟಿದ ಒಬ್ಬ ಹೆಂಗಸು, ಯಾವ ಪಕ್ಷಕ್ಕೂ ಸೇರದೆ ಪುರಸಭೆಗೆ ಗೆದ್ದವಳು, ಮೊದಲು ಬಸ್ಸು ಓಡಿಸುತ್ತಿದ್ದವಳು, ಮನೆ ಮನೆ ವಿಚಾರಿಸುತ್ತ ಬಂದಳು. ಗೋಡೆ ನೋಡಿದಳು. ಅಡುಗೆಮನೆಯಿಂದ ಬೆಣ್ಣೆ ಹಚ್ಚುವ ಚಾಕು ತಂದು, ಬೂಸನ್ನು ಕೆರೆದು ಕೆರೆದು ಬಿಸ್ಕತ್ತಿನ ಖಾಲಿ ಡಬ್ಬಿಗೆ ತುಂಬಿ, ಮಾರನೆಯ ದಿನ ಪುರಸಭೆಯ ಸಭೆಯಲ್ಲಿ ಎಲ್ಲರ ಚಹಾ ಕಪ್ಪುಗಳ ನಡುವೆ ಅದರ ಮುಚ್ಚಳ ತೆಗೆದಿಟ್ಟಳಂತೆ. ವಾರದೊಳಗೆ ಗೋಡೆ ರಿಪೇರಿಯಾಯಿತು. ಗಾರ್ಗಿ ಥ್ಯಾಂಕ್ಸ್ ಹೇಳಲು ಹೋದಾಗ ಮೌರೀನ್ ಒಂದು ಫಾರಮ್ಮು ಕೈಗಿತ್ತಳು. "ನೀನು ಇಂಡಿಯಾದವಳು, ಅಂದರೆ ನಿನಗೂ ಇಲ್ಲಿ ವೋಟಿದೆ. ಯಾರೂ ನಿನಗೆ ಹೇಳಲಿಲ್ಲ ಅಲ್ಲವಾ? ಹೇಳುವುದಿಲ್ಲ ಅವರು." ಅವತ್ತು ಆ ಫಾರಮ್ಮು ತುಂಬುವಾಗ ಮೈಸೂರಿನಲ್ಲಿ ಕಲಿತ ಹಾಗೆ ದಿನ ಮೊದಲು, ತಿಂಗಳು ಆಮೇಲೆ ಬರೆದಿದ್ದಳು. ತಪ್ಪಿರಲಿಲ್ಲ.

ಶರಣ್ಯಾ ಬಟ್ಟಲಿನಿಂದ ತಲೆ ಎತ್ತಿ, "ಅಮ್ಮಾ, ಡಿಡ್ ಯೂ ಲೂಸ್?" ಎಂದಳು. ಗುರುಕಿರಣ ಬಿದ್ದು ಬಿದ್ದು ನಕ್ಕ. ಗಾರ್ಗಿಗೆ ಆರು ವರ್ಷದ ಮಗುವಿನ ಮೇಲೆ ಸಿಟ್ಟು ಬಂತು, ಆ ಸಿಟ್ಟಿನ ಮೇಲೆ ನಾಚಿಕೆ ಬಂತು. ಸೋತದ್ದು ಅವಳಲ್ಲ. ಅವಳು ಹೇಳಿದವನೇ ಗೆದ್ದ. ಜುಲೈ ಐದರ ಬೆಳಿಗ್ಗೆ ಫಲಿತಾಂಶ ನೋಡಿದಾಗ ಮೊದಲು ಕಂಡದ್ದು ಗೆದ್ದವನ ಹೆಸರು, ಬಾಯಿಂದ ಹ್ಞಾ ಎಂದು ಸಂತೋಷದ ಒಂದು ಸದ್ದೂ ಹೊರಟಿತ್ತು. ಅದರ ಕೆಳಗಿನ ಸಾಲಿಗೆ ಕಣ್ಣು ಇಳಿದಾಗ ಆ ಸದ್ದು ಗಂಟಲಲ್ಲೇ ಹುಳಿಯಾಯಿತು. ಎರಡನೆಯವಳು ಮೌರೀನ್. ಅಂತರ ಮೂವತ್ತೊಂದು. ಅವಳು ಅಷ್ಟು ಹೆದರಿದ್ದ, ಹೆದರಿಸಿದ್ದ ಆಳುವ ಪಕ್ಷದವನು ದೂರದಲ್ಲೆಲ್ಲೋ ಮೂರನೆಯವನು. ಅವನಿಗೆ ಯಾರೂ ಹೆದರಬೇಕಾಗಿರಲಿಲ್ಲ. ನಕ್ಷೆ ಸುಳ್ಳಾಗಿತ್ತು. ಹದಿನಾರೇ ಹದಿನಾರು ಜನ ಕೈಯನ್ನು ಈ ಹೆಸರಿನಿಂದ ಆ ಹೆಸರಿಗೆ ಎರಡಿಂಚು ಸರಿಸಿದ್ದರೆ ಬಸ್ಸು ಓಡಿಸುತ್ತಿದ್ದ ಆ ಹೆಂಗಸು ಸಂಸತ್ತಿನಲ್ಲಿ ಡಬ್ಬಿ ತೆರೆದಿಡುತ್ತಿದ್ದಳು. ಅವತ್ತಿನಿಂದ ಮೌರೀನ್ ಮೂರು ಸಲ ಫೋನು ಮಾಡಿದ್ದಳು. ಗಾರ್ಗಿ ಮೂರು ಸಲವೂ ಫೋನನ್ನು ಮಗುಚಿ ಹಾಕಿ, ಅದು ಮೇಜಿನ ಮೇಲೆ ನಡುಗಿ ನಡುಗಿ ಸುಮ್ಮನಾಗುವುದನ್ನು ನೋಡುತ್ತ ಕೂತಿದ್ದಳು.

ಇವತ್ತು ನಾಲ್ಕನೆಯ ಸಲ ನಡುಗಿತು. ಅವಳು ಕೈ ಚಾಚುವ ಮೊದಲೇ, ಪರದೆಯ ಮೇಲೆ ಮುಖ ಕಂಡ ಸಂಭ್ರಮಕ್ಕೆ, ಶರಣ್ಯಾ ಹಸಿರು ಗುಂಡಿ ಒತ್ತಿಬಿಟ್ಟಳು.

"ಅಬ್ಬಾ, ಬದುಕಿದ್ದೀಯಾ!" ಮೌರೀನ್ ಲೈಬ್ರರಿಯ ಅಡುಗೆಮನೆಯಲ್ಲಿದ್ದಳು; ಹಿಂದೆ ಚಹಾ ಕಪ್ಪುಗಳ ಸಾಲು. ಅಲ್ಲಿ ಆಗಲೇ ಸಂಜೆ. ಅವಳ ಕೂದಲು ತೆಳುವಾಗಿತ್ತು, ಕತ್ತಿನ ಚರ್ಮ ಸಡಿಲವಾಗಿತ್ತು. ಪ್ರಚಾರಕ್ಕೆ ಓಡಾಡಿದವರಿಗೆಲ್ಲ ಇವತ್ತು ಚಹಾ ಇಟ್ಟುಕೊಂಡಿದ್ದೇನೆ, ನಿಮ್ಮ ಕನ್ನಡದವರನ್ನೂ ಕರೆದಿದ್ದೇನೆ ಎಂದಳು. ಆಮೇಲೆ ದನಿ ತಗ್ಗಿಸಿದಳು. "ಅವರು ಬರುವ ಮೊದಲು ನಿನ್ನನ್ನು ಒಂದು ಮಾತು ಕೇಳಬೇಕು, ಲವ್. ನೀನು ನಿಜ ಹೇಳುತ್ತೀಯ ಅಂತ ನಿನ್ನನ್ನೇ ಕೇಳುತ್ತಿದ್ದೇನೆ. ಎಣಿಕೆಯ ದಿನ ನಮ್ಮವನೊಬ್ಬ ಮೇಜಿನಾಚೆ ನಿಂತು, ಪೆಟ್ಟಿಗೆ ತೆರೆದು ಚೀಟಿ ಬಿಡಿಸುವಾಗ ನನಗೆ ಎಷ್ಟು ಬಿತ್ತು ಅಂತ ಗೆರೆ ಹಾಕಿಕೊಳ್ಳುತ್ತಾ ಇದ್ದ. ಬೇರೆ ಪೆಟ್ಟಿಗೆಗಳಲ್ಲಿ ಎಲ್ಲಾ ನಾವು ಅಂದುಕೊಂಡ ಹಾಗೇ. ಲೈಬ್ರರಿ ಮತಗಟ್ಟೆಯ ಪೆಟ್ಟಿಗೆಯಲ್ಲಿ ಮಾತ್ರ ನಲವತ್ತು ಕಡಿಮೆ. ನನ್ನ ಪಟ್ಟಿಯಲ್ಲಿ ಖಂಡಿತ ಅಂತ ಗುರುತು ಹಾಕಿದ್ದ ನಲವತ್ತು ಹೆಸರು ನಿಮ್ಮವರದು. ನಾನು ಅವರಿಗೆ ಏನು ಮಾಡಿದೆ?"

"ಏನೂ ಇಲ್ಲ ಮೌರೀನ್..."

"ಇದೆ. ನನಗೆ ಗೊತ್ತಿದೆ." ಅವಳು ಒಂದು ಚಮಚ ಎತ್ತಿಕೊಂಡು ಒರೆಸತೊಡಗಿದಳು. "ಎರಡು ವರ್ಷದ ಹಿಂದೆ ದೀಪಾವಳಿಗೆ ಕರೆದಿದ್ದರಲ್ಲ, ನಾನೊಂದು ಪೈ ಮಾಡಿಕೊಂಡು ಹೋದೆ. ಬರೀ ತರಕಾರಿ ಅಂತ ಚೀಟಿ ಅಂಟಿಸಿದ್ದೆ. ಹದಿನೈದು ದಿನ ಆದ ಮೇಲೆ ಆ ರೆಡಿ ಹಿಟ್ಟಿನ ಪೊಟ್ಟಣ ಓದಿದೆ. ಅದರಲ್ಲಿ ಹಂದಿಕೊಬ್ಬು ಇತ್ತು. ಎಲ್ಲರೂ ತಿಂದಿದ್ದರು. ಮಕ್ಕಳು ಕೂಡಾ. ನಾನು ಹೇಳಲಿಲ್ಲ. ಧೈರ್ಯ ಬರಲಿಲ್ಲ. ಅವರಿಗೆ ಗೊತ್ತಾಯಿತು, ಅಲ್ಲವಾ? ಅದಕ್ಕೇ ಹಾಕಲಿಲ್ಲ. ಹಾಕದೇ ಇದ್ದದ್ದು ಸರಿಯೇ. ಆದರೆ ಇವತ್ತು ಅವರ ಮುಂದೆ ನಿಂತು ಕ್ಷಮೆ ಕೇಳಬೇಕೋ, ಅಥವಾ ಪುರಸಭೆಯ ಕೆಲಸ ಬಿಟ್ಟು ಸುಮ್ಮನೆ ಮನೆಯಲ್ಲಿ ಕೂರಬೇಕೋ, ಅದನ್ನು ಹೇಳು. ರಾಜೀನಾಮೆ ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದೇನೆ."

ಒಲೆಯ ಮೇಲೆ ಸೂಸಲ ಸೀದ ವಾಸನೆ ಬಂತು. ಒಂದು ವಾಕ್ಯ ಸಾಕಾಗಿತ್ತು: ನಾನು ಹೇಳಿದೆ, ಅದಕ್ಕೇ ಹಾಕಲಿಲ್ಲ. ವಾಕ್ಯ ನಾಲಗೆಯ ತುದಿಗೆ ಬಂತು ಕೂಡ. ಅಲ್ಲಿ ಅಂಟಿತ್ತು, ಹಿಡಿದುಕೊಂಡಿತು. ಕಣ್ಣು ಕಾಗದದ ಮೇಲೆ ಬಿತ್ತು. ಎಣಿಕೆಗೆ ಸೇರಿಸಲಾಗಿಲ್ಲ. ಆ ಚೀಟಿಯನ್ನು ಯಾರೂ ನೋಡಿಲ್ಲ, ಇನ್ನು ಯಾರೂ ನೋಡುವುದೂ ಇಲ್ಲ. ಅದರೊಳಗೆ ಅವಳು ಎಳೆದ ಎರಡು ಗೆರೆ ಯಾರ ಹೆಸರಿನ ಎದುರಿಗಾದರೂ ಇರಬಹುದು. ಎಂಥ ಚೊಕ್ಕಟ! ಯಾರೋ ಅವಳಿಗೆಂದೇ ಗೋಡೆಗೆ ಸುಣ್ಣ ಹೊಡೆದಿಟ್ಟ ಹಾಗೆ.

"ನನ್ನ ವೋಟನ್ನು ಅವರು ತಗೊಳ್ಳಲೇ ಇಲ್ಲ, ಮೌರೀನ್," ಎಂದಳು. ತನ್ನ ದನಿಯಲ್ಲಿದ್ದ ಅಳು ಅವಳಿಗೇ ಕೇಳಿಸಿತು. ಅದು ಸುಳ್ಳು ಅಳುವೂ ಆಗಿರಲಿಲ್ಲ. "ಈಗ ತಾನೇ ಕಾಗದ ಬಂತು. ಹುಟ್ಟಿದ ತಾರೀಖು ಅಮೆರಿಕದ ಥರ ಬರೆದುಬಿಟ್ಟಿದ್ದೆ."

ಇಷ್ಟೇ. ಇದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಮಿಕ್ಕದ್ದನ್ನೆಲ್ಲ ಮೌರೀನ್ ತಾನೇ ಮಾಡಿಕೊಂಡಳು. "ಅಯ್ಯೋ ನನ್ನ ಬಂಗಾರ," ಎಂದಳು. ಮುಖ ಒಮ್ಮೆಲೇ ಅರಳಿತು. "ಐದು ಸಾವಿರ ಮೈಲಿಯಿಂದ ನನಗೆ ವೋಟು ಕಳಿಸಿದೆಯಾ ನೀನು? ಹಾಗಾದರೆ ನಾನು ಸೋತಿದ್ದು ಮೂವತ್ತರಿಂದ. ನನ್ನ ಲೆಕ್ಕದಲ್ಲಿ ಮೂವತ್ತೇ." ಚಮಚ ಕೆಳಗಿಟ್ಟು ಕಣ್ಣೊರೆಸಿಕೊಂಡಳು. ಆ ಕಾಗದದ ಒಂದು ಫೋಟೊ ಕಳಿಸು ಎಂದಳು. ಇವತ್ತು ಎಲ್ಲರೆದುರು ಓದುತ್ತೇನೆ, ದೂರದಿಂದ ಕಳಿಸಿದ ವೋಟುಗಳನ್ನು ಹೀಗೆ ಬಿಸಾಕುತ್ತಾರೆ ಅಂತ ಪತ್ರಿಕೆಗೂ ಬರೆಯುತ್ತೇನೆ. ಒಬ್ಬಳಾದರೂ ಇದ್ದಳಲ್ಲ. ರಾಜೀನಾಮೆ ಚೀಲದಲ್ಲೇ ಇರಲಿ.

ಫೋನು ಇಟ್ಟ ಮೇಲೆ ಗುರುಕಿರಣ ಸೀದ ಬಾಣಲೆ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದ. ನಗಲಿಲ್ಲ. "ಕಳಸ್ತೀಯೇನು ಫೋಟೋ?" ಎಂದ. ಅವಳು ಹಾಲಿನ ಕಲೆಯನ್ನು ಬಟ್ಟೆಯಿಂದ ಒತ್ತಿ, ಕಾಗದವನ್ನು ಬಿಸಿಲಿಗೆ ಸರಿಸಿ, ನೆರಳು ಬೀಳದಂತೆ ಫೋಟೊ ತೆಗೆದು ಕಳಿಸಿದಳು. ಚಿತ್ರದ ಮೂಲೆಯಲ್ಲಿ ಅವಳ ಹೆಬ್ಬೆರಳು ಬಂದಿತ್ತು.

ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಶನಿವಾರವಾದರೂ ಜೀವಕೋಶಗಳಿಗೆ ಆಹಾರ ಬದಲಿಸಬೇಕಿತ್ತು. ಇನ್ನೂರ ಎಂಬತ್ತನೆಯ ನಂಬರಿನ ಫ್ರೀವೇಯಲ್ಲಿ ಗುಡ್ಡಗಳು ಬೇಸಿಗೆಯೆಲ್ಲ ಒಣಗಿ ಹಳೆಯ ಗೋಣಿಯ ಬಣ್ಣಕ್ಕೆ ಬಂದಿದ್ದವು. ಪಕ್ಕದ ಕಾರಿಗೆ ಅಂಟಿಸಿದ ಒಂದು ಪಕ್ಷದ ಚೀಟಿ, ಮುಂದಿನ ಕಾರಿಗೆ ಅಂಟಿಸಿದ ಇನ್ನೊಂದು ಪಕ್ಷದ ಚೀಟಿ. ಈ ದೇಶದ ಚುನಾವಣೆ ನವೆಂಬರಿನಲ್ಲಿ. ಲ್ಯಾಬಿನಲ್ಲಿ ಊಟದ ಹೊತ್ತಿಗೆ ಎಲ್ಲರೂ ಅದೇ ಮಾತು, ಇವರು ಬೇಡ ಎಂದು ಅವರಿಗೆ, ಅವರು ಬೇಡ ಎಂದು ಇವರಿಗೆ. ಬೇಕು ಎಂದು ಯಾರ ಹೆಸರನ್ನೂ ಯಾರೂ ಎತ್ತಿದ್ದನ್ನು ಅವಳು ಕೇಳಿರಲಿಲ್ಲ. ಅಜ್ಜಿಯ ಕಥೆಯಲ್ಲಿ ರಾಜ ಸಾಯುತ್ತಿದ್ದ, ಮಕ್ಕಳಿಲ್ಲದೆ. ಪಟ್ಟದಾನೆಯ ಸೊಂಡಿಲಿಗೆ ಹೂವಿನ ಹಾರ ಕೊಟ್ಟು ಬೀದಿಗೆ ಬಿಡುತ್ತಿದ್ದರು. ಅದು ಯಾರ ಕೊರಳಿಗೆ ಹಾಕಿದರೆ ಅವನೇ ರಾಜ. ಅಜ್ಜಿ ತೊಡೆಯ ಮೇಲೆ ಅವಳ ತಲೆ ಇಟ್ಟುಕೊಂಡು ಹೇನು ಹುಡುಕುತ್ತ ಹೇಳುತ್ತಿದ್ದಳು: ಹೊರಡೋಕೆ ಮುಂಚೆ ಮಂತ್ರಿಗಳು ಒಬ್ಬೊಬ್ಬರೇ ಬಂದು ಆನೆ ಕಿವೀಲಿ ಊದಿದ್ರಂತೆ, ಯಾರಿಗಾದ್ರೂ ಹಾಕು, ಅವನೊಬ್ಬನಿಗೆ ಮಾತ್ರ ಬೇಡ ಅಂತ. ಯಾರಿಗೆ ಹಾಕ್ಬೇಕು ಅಂತ ಒಬ್ಬನೂ ಹೇಳ್ಲಿಲ್ಲ. ಪಾಪ, ಆನೆ ಊರೆಲ್ಲಾ ಸುತ್ತಿ ಸುತ್ತಿ, ಬಿಸಿಲಿಗೆ ಬಳಲಿ, ಹಸಿವಾಗಿ, ಹಾರಾನ ತಿಂದೇಬಿಡ್ತು. ಆಮೇಲೆ? ಆಮೇಲೇನು, ಜನ ಜೈ ಅಂದ್ರು. ಹಿಂದೆ ನಿಂತಿದ್ದೋರಿಗೆ ಹಾರ ಎಲ್ಲಿ ಹೋಯ್ತು ಅಂತ ಎಲ್ಲಿ ಕಾಣ್ಸತ್ತೆ? ಆಗ ಗಾರ್ಗಿ ನಗುತ್ತಿದ್ದಳು. ಈಗ ಆನೆಯ ಬಾಯಿಯ ಒಳಗಿನ ಅರೆದ ಹೂವು, ನಾರು, ಜೊಲ್ಲು ಅವಳಿಗೆ ಕಂಡಿತು. ಕಾರಿನ ಕಿಟಕಿ ಇಳಿಸಿದಳು.

ಲ್ಯಾಬಿನ ಪಾರ್ಕಿಂಗ್ ಜಾಗದಲ್ಲಿ ಕೊಲ್ಲಿಯ ಗಾಳಿ ಕಾರನ್ನು ಅಲುಗಿಸುತ್ತಿತ್ತು. ಇಳಿಯುವ ಮೊದಲೇ ನಿವೇದಿತಾಳ ಕರೆ ಬಂತು. ಹಿಂದೆ ಗಲಾಟೆ, ಕಪ್ಪುಗಳ ಸದ್ದು. ಲೈಬ್ರರಿಯ ಬಾಗಿಲ ಹೊರಗೆ ನಿಂತು ಮಾತಾಡುತ್ತಿರಬೇಕು.

"ಏನೇ ಇದು? ಮೌರೀನ್ ಎಲ್ರ ಮುಂದೆ ನಿನ್ ಲೆಟರ್ ಓದಿದ್ಲು. ಗಾರ್ಗಿ ನಂಗೆ ವೋಟ್ ಹಾಕಿದ್ಲು ಅಂತ ಅತ್ತೇಬಿಟ್ಲು. ನಮಗೆಲ್ಲ ಫೋನ್ ಮಾಡಿ ಮಾಡಿ ಅವನಿಗೆ ಹಾಕ್ಸಿ, ನೀನು ಮಾತ್ರ ಇವಳಿಗೆ ಹಾಕಿದ್ಯಾ? ಒಳ್ಳೆ ಕಿಲಾಡಿ ಕಣೇ ನೀನು! ಡಾಕ್ಟ್ರು ವ್ಯಾಸರಾಜ್ ಅಂಕಲ್ ಮುಖ ನೋಡ್ಬೇಕಿತ್ತು, ಕೆಂಪಗಾಗಿ ಹೋಗಿದೆ."

"ಇಲ್ಲ," ಎಂದಳು ಗಾರ್ಗಿ. "ನಾನೂ ಅವನಿಗೇ ಹಾಕಿದ್ದು."

ನಿವೇದಿತಾ ನಕ್ಕಳು, ಎದೆಯ ಮೇಲಿನ ಭಾರ ಇಳಿದವಳ ಹಾಗೆ. "ಥೂ ನಿನ್ನ! ಹೆದರ್ಸಿಬಿಟ್ಟೆ. ನಂಬ್ಕೊಂಡು ಮೋಸ ಹೋದ್ವೇನೋ ಅಂತ ಎಲ್ರೂ ಬೈಕೋತಿದ್ರು. ಸರಿ ಬಿಡು. ಅವಳಿಗೇನೂ ಹೇಳೋದ್ ಬೇಡ, ಪಾಪ, ಖುಷಿಯಾಗಿದಾಳೆ."

"ನಿವಿ, ಅವಳಿಗೆ ನಿಜ..."

"ಯಾಕೆ? ಈಗ ಹೇಳಿ ಯಾರಿಗೇನ್ ಬಂತು? ನೋಡು, ನಾವೂ ಹಂಗೇ ಹೇಳಿಬಿಡ್ತೀವಿ. ಎಲ್ರೂ ನಿಂಗೇ ಹಾಕಿದ್ವಿ ಅಂತ. ಚೀಟಿ ಮೇಲೆ ಹೆಸರು ಬರ್ದಿರತ್ತಾ? ನಿನ್ ಲೆಟರಿಂದ ಒಳ್ಳೇದೇ ಆಯ್ತು ಕಣೇ, ನಮಗೂ ಮುಖ ಎತ್ಕೊಂಡ್ ಓಡಾಡೋಕಾಗತ್ತೆ. ಇಡ್ತೀನಿ, ಬೋಂಡಾ ತಣ್ಣಗಾಗತ್ತೆ."

ಗಾರ್ಗಿ ಕೂಗಿ ಅವಳನ್ನು ತಡೆಯಬಹುದಿತ್ತು. ಮತ್ತೆ ಕರೆ ಮಾಡಬಹುದಿತ್ತು. ಒಳಗೆ ಹೋಗಿ ಕೋಟು ಹಾಕಿಕೊಂಡಳು, ಕೈಗವಸು ಹಾಕಿಕೊಂಡಳು, ಜೀವಕೋಶಗಳನ್ನಿಡುವ ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆಗೆದಳು. ಆರು ಸೀಸೆಗಳಲ್ಲಿ ಐದು ತಿಳಿಯಾಗಿದ್ದವು. ಆರನೆಯದರಲ್ಲಿ, ಗುಲಾಬಿ ಬಣ್ಣದ ನೀರಿನ ಮೇಲೆ, ಹತ್ತಿಯ ಎಳೆಯಂಥ ಒಂದು ಬೂಸು ಆಗಲೇ ಕಾಲು ಚಾಚಿ ತೇಲುತ್ತಿತ್ತು. ಸೀಸೆಯ ಮೇಲೆ ಅವಳದೇ ಅಕ್ಷರ. ಒಂಬತ್ತು, ಇಪ್ಪತ್ತಾರು, ತಿಂಗಳು ಮೊದಲು. ಮೊನ್ನೆ ಮುಚ್ಚಳ ಯಾವಾಗ ತೆರೆದೆ, ಎಲ್ಲಿ ಕೆಮ್ಮಿದೆ, ಯಾವ ಬೆರಳು ಎಲ್ಲಿ ತಾಗಿತು ಎಂದು ನೆನೆದುಕೊಳ್ಳುತ್ತ ಅದರೊಳಗೆ ಬ್ಲೀಚು ಸುರಿದಳು. ವಾಸನೆ ಮೂಗಿಗೇರಿತು, ಕಣ್ಣಲ್ಲಿ ನೀರು ಬಂತು. ಹೀಗೆ ಬರುವ ನೀರು ಎಷ್ಟು ಸಲೀಸು ಎನ್ನಿಸಿ ತನ್ನ ಕಣ್ಣಿನ ಮೇಲೂ ಅವಳಿಗೆ ಅಸಹ್ಯವಾಯಿತು. ಈಗ ಅಲ್ಲಿ ಲೈಬ್ರರಿಯಲ್ಲಿ ಅವರು ಒಬ್ಬೊಬ್ಬರೇ ಮೌರೀನ್ ಹತ್ತಿರ ಹೋಗುತ್ತಿರುತ್ತಾರೆ, ಕೈಯಲ್ಲಿ ಬೋಂಡಾದ ತಟ್ಟೆ, ಬಾಯಿ ತುಂಬ ನಗು. ನಿನಗೇ ಹಾಕಿದ್ದು. ನಾನೂ ನಿನಗೇ. ನಮ್ಮ ಮನೆಯ ನಾಲ್ಕೂ ನಿನಗೇ. ಮೌರೀನ್ ಬಸ್ಸು ಓಡಿಸಿದವಳು. ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು ಎಂದು ತಿರುಗಿ ನೋಡದೆಯೇ ಹೇಳುತ್ತಿದ್ದವಳು.

ಕೈಗವಸು ತೆಗೆದು ಕಸಕ್ಕೆ ಹಾಕುವಾಗ ಫೋನು ಒಮ್ಮೆ ನಡುಗಿತು. ಮೌರೀನಳ ಸಂದೇಶ. ಅವಳು ಯಾವಾಗಲೂ ಬರೆಯುವ ಹಾಗೆ, ಚಿತ್ರಗಳಿಲ್ಲದೆ, ಪೂರ್ಣವಿರಾಮ ಹಾಕಿ.

ನಲವತ್ತು ಜನ ಬಂದು ಕೈ ಹಿಡಿದು ನಿನಗೇ ಹಾಕಿದೆವು ಎಂದರು. ಅದೇ ನಲವತ್ತು. ಯಾರೂ ನನ್ನ ಕಣ್ಣು ನೋಡಲಿಲ್ಲ. ಗಾರ್ಗಿ, ನೀನು ನಿಜವಾಗಿ ಯಾರಿಗೆ ಹಾಕಿದೆ?

ಪಕ್ಕದ ಕೋಣೆಯಲ್ಲಿ ಯಾವುದೋ ಯಂತ್ರ ಸುತ್ತಿ ಸುತ್ತಿ ನಿಧಾನವಾಯಿತು. ಈಗಲೂ ಆ ಲಕೋಟೆ ಯಾರೂ ಎಣಿಸದ ಲಕೋಟೆಯೇ. ಈಗಲೂ ಅದರಲ್ಲಿ ಯಾರ ಹೆಸರಾದರೂ ಇರಬಹುದು. ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದಳು. ಗೆದ್ದವನಿಗೆ. ಅವರಿಗೂ ಹಾಗೇ ಹಾಕಿ ಎಂದು ಹೇಳಿದವಳು ನಾನೇ. ಓದಿ ನೋಡಲಿಲ್ಲ, ಓದಿದರೆ ಅಳಿಸುತ್ತೇನೆಂದು ಗೊತ್ತಿತ್ತು. ಕಳಿಸಿದಳು.

ಎರಡು ಗೆರೆ ನೀಲಿಯಾದವು. ಬರೆಯುತ್ತಿದ್ದಾರೆ ಎಂದು ಬಂತು, ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು. ಬಹಳ ಹೊತ್ತಿನ ಮೇಲೆ ಒಂದೇ ಸಾಲು ಬಂತು.

ಹಾಗಾದರೆ ಹಂದಿಕೊಬ್ಬು ಅಲ್ಲ.